ನಲಿಕಲಿಲಿ ಕುಣ್ಕೊಂಡು ಹೋಗ್ತಿದ್ದ ಮಗ ನಾಲ್ಕನೇ ಕ್ಲಾಸಿಗೆ ಬಂದ್ಮೇಲೆ ಸ್ಕೂಲ್ ಅಂದ್ರೆ ಅಳ್ತಾನೆ, ಏನ್ ಮಾಡ್ಲಿ?

ಅರಸೀಕೆರೆ ಅಮ್ಮ:

ಎಲ್ರಿಗೂ ನಮಸ್ಕಾರ. ನಮ್ದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ, ಮಗ ನಮ್ಮೂರ ಸರ್ಕಾರಿ ಸ್ಕೂಲಲ್ಲೇ ಓದ್ತಿದಾನೆ, ನಾನೂ ನನ್ನ ತಮ್ಮನೂ ಅದೇ ಸ್ಕೂಲಲ್ಲೇ ಓದಿದ್ದು. ಒಂದರಿಂದ ಮೂರನೇ ಕ್ಲಾಸ್ ತನಕ ನಲಿಕಲಿ, ಅಂದ್ರೆ ಕಾರ್ಡ್ ಇಟ್ಕೊಂಡು ಆಡ್ತಾ ಕಲಿಯೋ ಕ್ಲಾಸು, ಆಗ ಒಂದ್ ದಿನಾನೂ ತಕರಾರು ಮಾಡಿದವನಲ್ಲ, ಜ್ವರ ಇದ್ರೂ ಹೋಗ್ತೀನಿ ಅಂತಿದ್ದ, ಮನೆಗೆ ಬಂದು ಇವತ್ತು ನಾನು ಇಷ್ಟು ಕಾರ್ಡ್ ಮುಗಿಸ್ದೆ ಅಂತ ಅಜ್ಜಿ ಮುಂದೆ ಹೇಳ್ಕೊಂಡು ಓಡಾಡ್ತಿದ್ದ. ಈ ವರ್ಷ ನಾಲ್ಕನೇ ಕ್ಲಾಸ್. ಜುಲೈಯಿಂದ ಶುರುವಾಗಿದೆ ನೋಡಿ, ಬೆಳಗ್ಗೆ ಎದ್ದ ತಕ್ಷಣ ಹೊಟ್ಟೆನೋವು, ಭಾನುವಾರ ಮಾತ್ರ ಇರಲ್ಲ. ಹೋಮ್‌ವರ್ಕಿಗೆ ಕೂರಿಸಿದ್ರೆ ಪುಸ್ತಕ ತೆಗೆಯೋಕೆ ಮುಂಚೆನೇ "ನಂಗೆ ಬರಲ್ಲಮ್ಮ" ಅಂತಾನೆ. ಹೋದ ವಾರ ತಡ್ಕೊಳಕ್ಕಾಗ್ದೆ ಎರಡೇಟು ಹೊಡ್ದುಬಿಟ್ಟೆ, ಆಮೇಲೆ ರಾತ್ರಿ ಪೂರ್ತಿ ನಿದ್ದೆ ಬರ್ಲಿಲ್ಲ ನಂಗೆ.

ದಡ್ಡ ಅಂತೂ ಅಲ್ಲ. ತಿಪಟೂರು ಕೊಬ್ಬರಿ ಮಾರ್ಕೆಟ್ಟಿಗೆ ತಾತನ ಜೊತೆ ಹೋದ್ರೆ ಕ್ವಿಂಟಾಲ್ ರೇಟ್ ಕೇಳಿ ನಮ್ಮ ಮೂಟೆಗೆ ಎಷ್ಟಾಯ್ತು ಅಂತ ಬಾಯಲ್ಲೇ ಹೇಳ್ತಾನೆ. ಅದೇ ಲೆಕ್ಕ ಪುಸ್ತಕದಲ್ಲಿದ್ರೆ ಪೆನ್ಸಿಲ್ ಕಚ್ತಾ ಕೂತಿರ್ತಾನೆ.

ಮನೇಲಿ ಎಲ್ರೂ ಕಾನ್ವೆಂಟಿಗೆ ಹಾಕು ಅಂತಿದಾರೆ, ಹಳದಿ ಬಸ್ಸು ಮನೆ ಬಾಗ್ಲಿಗೇ ಬರುತ್ತೆ. ನಂಗೆ ಮನಸ್ಸಿಲ್ಲ. ಈ ಸ್ಕೂಲಲ್ಲೇ ಅವ್ನು ಮತ್ತೆ ಖುಷಿಯಾಗಿ ಕಲೀಬೇಕು, ಅಷ್ಟೇ ನನ್ನ ಆಸೆ. ಮನೇಲಿ ನಾನೇನು ಮಾಡ್ಬೇಕು, ಸ್ಕೂಲಲ್ಲಿ ನಮ್ಮಂಥ ಪೋಷಕರು ಏನಾದ್ರೂ ಮಾಡಕ್ಕಾಗುತ್ತಾ? ಮೀಟಿಂಗಿಗೆ ಹೋದ್ರೆ ಸೈನ್ ಹಾಕಿ ಬರೋದಷ್ಟೇ ಆಗಿದೆ ಇಲ್ಲಿ.

ನಲಿಕಲಿ ಟೀಚರ್:

ಮೊದ್ಲು ಹೊಡೆದಿದ್ದಕ್ಕೆ ಮಗನ ಹತ್ರ "ತಪ್ಪಾಯ್ತು ಕಂದ" ಅಂತ ಹೇಳ್ಬಿಡಿ ಅಮ್ಮ, ಮಿಕ್ಕಿದ್ದೆಲ್ಲ ಆಮೇಲೆ.

ನಾನು 14 ವರ್ಷದಿಂದ ನಲಿಕಲಿ ಕ್ಲಾಸ್ ತಗೋತಿದೀನಿ, ನೀವು ಹೇಳಿದ್ದನ್ನ ಪ್ರತಿ ವರ್ಷ ನೋಡ್ತೀನಿ, ಪ್ರತಿ ವರ್ಷ ಹೊಟ್ಟೆ ಉರಿಯುತ್ತೆ. ಏನಾಗುತ್ತೆ ಅಂದ್ರೆ, ನಲಿಕಲಿ ಶುರುವಾಗಿದ್ದೇ 1995ರಲ್ಲಿ ಮೈಸೂರು ಜಿಲ್ಲೆ ಹೆಚ್.ಡಿ. ಕೋಟೆಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯವ್ರು ಮಾಡ್ತಿದ್ದ ಪದ್ಧತಿ ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡ್ ಬರೆದ್ರು. ಅದರ ಜೀವ ಇರೋದು ಒಂದೇ ಮಾತಲ್ಲಿ, ಮಗು ತನ್ನ ವೇಗದಲ್ಲಿ ಹೋಗುತ್ತೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತೆ, ಒಂದ್ ಮೆಟ್ಟಿಲು ಮುಗೀತು ಅಂದ್ರೆ ಮುಂದಿನ ಕಾರ್ಡ್. ಒಂದು ವಾರ ಅಜ್ಜಿ ಊರಿಗೆ ಹೋಗಿ ಬಂದ್ರೂ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಾನೇ ಶುರು, ಹಿಂದೆ ಬಿದ್ದೆ ಅನ್ನೋ ಮಾತೇ ಇಲ್ಲ. ಅಕ್ಷರಾನೂ ಅ ಆ ಇ ಈ ಅಂತ ಹೇಳ್ಕೊಡಲ್ಲ, ರ ಗ ಸ ದ ಅ ಇಂದ ಶುರು, ಐದೇ ಅಕ್ಷರಕ್ಕೆ ಮಗು ಸರ, ಅರಸ, ಗರಗಸ ಅಂತ ಓದ್ಬಿಡುತ್ತೆ, ಆ ಮುಖ ನೋಡ್ಬೇಕು ನೀವು ಆವಾಗ. ಕೆಳಗಡೆ ಗೋಡೆಲಿ ಪ್ರತಿ ಮಗುಗೂ ಸ್ವಂತದ ಒಂದು ಕಪ್ಪು ಹಲಗೆ ಜಾಗ, ತಪ್ಪಾದ್ರೆ ಅಳಿಸಿ ಮತ್ತೆ ಬರೆಯೋದು, ಯಾರೂ ಕೇಳಲ್ಲ.

ನಾಲ್ಕನೇ ಕ್ಲಾಸಿಗೆ ಬಂದ್ರೆ ಒಂದೇ ಸಲಕ್ಕೆ ಬೆಂಚು, ಪೀರಿಯಡ್ಡು, ಕನ್ನಡ ಇಂಗ್ಲಿಷ್ ಗಣಿತ ಪರಿಸರ ಅಂತ ಬೇರೆ ಬೇರೆ ಪುಸ್ತಕ, ಎಲ್ರೂ ಇವತ್ತು ಇದೇ ಪುಟ. ಬೆರಳು ಹಿಡ್ಕೊಂಡು ನಡೀತಿದ್ದ ಮಗುನ ಜಾತ್ರೆಲಿ ಬಿಟ್ಟಂಗೆ ಆಗುತ್ತೆ.

ಹೊಟ್ಟೆನೋವು ಸುಳ್ಳು ಅಂತ ಮಾತ್ರ ಅನ್ಕೋಬೇಡಿ, ಭಯಕ್ಕೆ ನಿಜವಾಗ್ಲೂ ಹೊಟ್ಟೆ ನೋಯುತ್ತೆ ಮಕ್ಕಳಿಗೆ. ಕಡಿಮೆ ಆಗ್ದಿದ್ರೆ ಒಂದ್ಸಲ ಡಾಕ್ಟರಿಗೂ ತೋರ್ಸಿ. ಅದರ ಜೊತೆ ಯಾವ ದಿನ ಜಾಸ್ತಿ, ಅವತ್ತು ಯಾವ ಪೀರಿಯಡ್ ಅಂತ ಒಂದು ವಾರ ಬರೆದಿಡಿ. "ಇವತ್ತು ಏನ್ ಕಲಿತೆ" ಅಂತ ಕೇಳಬೇಡಿ, "ಏನಿಲ್ಲ" ಅಂತಾನೆ. ಊಟಕ್ಕೆ ಯಾರ ಪಕ್ಕ ಕೂತಿದ್ದೆ, ಇವತ್ತು ಕ್ಲಾಸಲ್ಲಿ ಯಾರಿಗೆ ಬೇಜಾರಾಯ್ತು, ಇಂಥದ್ದು ಕೇಳಿ, ಅದೂ ಹಸುಗೆ ಮೇವು ಹಾಕ್ತಾ, ಮುಖ ನೋಡ್ದೆ. ಬಾಯಿ ಬಿಡ್ತಾನೆ.

ಧಾರವಾಡ ಕಡೆ ಒಕ್ಕಲಿಗ:

ತಂಗಿ, ನಾನು ಮೂರ್ ವರ್ಷ ನಮ್ಮೂರ ಕನ್ನಡ ಸಾಲಿ ಎಸ್‌ಡಿಎಂಸಿ (ಸಾಲಿ ನೋಡ್ಕೊಳ್ಳೂ ಪಾಲಕರ ಕಮಿಟಿ) ಅಧ್ಯಕ್ಷ ಇದ್ದೆ. ಸೈನ್ ಮಾಡಿ ಬರೂದು ಅಷ್ಟ ಅಂದ್ರಲ್ಲ, ಅದಕ್ಕ ಬರಿಯಾಕ ಕುಂತೇನಿ. 2009ರ ಶಿಕ್ಷಣ ಹಕ್ಕು ಕಾಯ್ದೆದಾಗ ಸಾಲಿ ಕಮಿಟ್ಯಾಗ ನಾಕರಾಗ ಮೂರು ಪಾಲು ಪಾಲಕರ ಇರಬೇಕು, ಒಟ್ಟು ಮಂದ್ಯಾಗ ಅರ್ಧ ಹೆಣ್ಣಮಕ್ಕಳ ಇರಬೇಕು ಅಂತ ಬರದಾರ. ಅಂದ್ರ ಆ ಕಮಿಟಿ ನಿಮ್ಮದ ಐತಿ. ಬಾಗಲಾ ಸುಣ್ಣ ಬಣ್ಣ ಅಷ್ಟ ನೋಡಾಕ ಮಾಡಿದ್ದಲ್ಲ ಅದು.

ನಾವು ಮಾಡಿದ್ದು ಹೇಳ್ತೇನಿ, ದೊಡ್ಡ ಕೆಲಸ ಏನಲ್ಲ. ಹೆಡ್ ಮಾಸ್ತರನ್ನ ಕೇಳಿ ತಿಂಗಳ ಮೂರನೇ ಶನಿವಾರ, ಅದೇನೋ ಸಂಭ್ರಮ ಶನಿವಾರ ಅಂತ ಬ್ಯಾಗ್ ಇಲ್ದ ದಿನ ಮಾಡ್ಯಾರಲ್ಲ, ಅವತ್ತ ಊರಾಗಿನ ಒಬ್ಬರನ್ನ ಸಾಲಿಗೆ ಕರಕೊಂಡ ಹೋಗೂದು ಶುರು ಮಾಡಿದ್ವಿ. ಒಮ್ಮೆ ಬಡಿಗ್ಯಾರ ಅಜ್ಜ ಬಂದು ಬೀಜ ಬಿತ್ತೂ ಕೂರಿಗಿ ಹೆಂಗ ಮಾಡ್ತಾರ, ತಾಳಿಗೆ ತಾಳ, ಅಂದ್ರ ಅದರ ಹಲ್ಲಿಗೆ ಹಲ್ಲ, ಎಷ್ಟ ದೂರ ಇರಬೇಕು, ಯಾಕ ಇರಬೇಕು ಅಂತ ಹೇಳಿದ. ಒಮ್ಮೆ ರೊಟ್ಟಿ ಬಡಿಯೂ ಅವ್ವ ಬಂದ್ಲು. ತನ್ನ ಅಜ್ಜ ಸಾಲ್ಯಾಗ ನಿಂತು ಮಾತಾಡಿದ್ದು ನೋಡಿ ಬಡಿಗ್ಯಾರ ಮೊಮ್ಮಗ ಎದಿ ಉಬ್ಬಿಸಿ ಕುಂತಿದ್ದ, ಅಲ್ಲೀತನಾ ಅವ ಹಿಂದಿನ ಬೆಂಚ ಬಿಟ್ಟು ಮುಂದ ಬಂದವ ಅಲ್ಲ.

ಇನ್ನೊಂದ ಬಾಳ ಚಲೋ ಆಗಿದ್ದು ಅಂದ್ರ ಹೊಲ ಅಳಿಯೂದು. 33 ಅಡಿ ಉದ್ದ 33 ಅಡಿ ಅಗಲ ಅಂದ್ರ ಒಂದ್ ಗುಂಟೆ, 40 ಗುಂಟೆಗೆ ಒಂದ್ ಎಕರೆ, ಇದು ಹುಡುಗೂರಿಗೆ ಮನ್ಯಾಗ ದಿನಾ ಕಿವಿಗೆ ಬೀಳೂ ಮಾತು. ಹಗ್ಗ ಕೊಟ್ಟು ಸಾಲಿ ಮೈದಾನ ಎಷ್ಟ ಗುಂಟೆ ಐತಿ ಅಳದು ಹೇಳ್ರಿ ಅಂದ್ವಿ. ಎರಡ ತಾಸು ಯಾರೂ ನೀರ ಕುಡಿಯಾಕೂ ಹೋಗಲಿಲ್ಲ! ಮೂರ್ ಗುಂಪು ಮೂರ್ ಉತ್ತರ ತಂದ್ರು, ಮತ್ತ ಜಗಳಾಡಿ ಮತ್ತ ಅಳದ್ರು. ಒಂದ್ ಗುಂಟೆಗೆ 1089 ಚದರಡಿ ಅಂತ ಅವರ ಗುಣಿಸಿ ಹೇಳಿದ್ರು, ಮಾಸ್ತರು ಬೋರ್ಡ ಮುಟ್ಟಲಿಲ್ಲ. ನಿಮ್ಮ ಹುಡುಗ ಕೊಬ್ಬರಿ ಲೆಕ್ಕ ಬಾಯಾಗ ಮಾಡ್ತಾನಂದ್ರ ಇಂಥಾದ್ರಾಗ ಅವನ ಮೊದಲು ಇರ್ತಾನ ನೋಡ್ರಿ.

ಅರಸೀಕೆರೆ ಅಮ್ಮ:

ಟೀಚರಮ್ಮ, ನೀವು ಹೇಳ್ದಂಗೇ ಮಾಡ್ದೆ, ಐದನೇ ದಿನಕ್ಕೆ ಬಾಯಿ ಬಿಟ್ಟ. ಕನ್ನಡ ಪೀರಿಯಡ್ಡಲ್ಲಿ ಒಬ್ಬೊಬ್ರೇ ಎದ್ದು ನಿಂತು ಪಾಠ ಓದ್ಬೇಕಂತೆ. ಇವ್ನು ಪರ್ವತ ಅನ್ನೋದನ್ನ "ಪವರ್ತ" ಅಂತ ಓದ್ಬಿಟ್ಟಿದಾನೆ, ಎಲ್ರೂ ನಕ್ಕಿದಾರೆ, ಅವತ್ತಿಂದ ಮಕ್ಕಳೆಲ್ಲ ಪವರ್ ಪವರ್ ಅಂತ ಕರೀತಾರಂತೆ. ಮೇಷ್ಟ್ರು ಮಕ್ಕಳನ್ನ ಸುಮ್ನಿರಿಸೋದು ಬಿಟ್ಟು ಇವನಿಗೇ "ಮೂರು ವರ್ಷ ಆಟ ಆಡ್ಕೊಂಡು ಬಂದ್ರೆ ಇನ್ನೇನಾಗುತ್ತೆ" ಅಂದ್ರಂತೆ. ಇದನ್ನ ಎರಡು ತಿಂಗಳು ಒಳಗೇ ಇಟ್ಕೊಂಡಿದಾನಲ್ಲ ನನ್ನ ಮಗ. ಬರೆಯೋವಾಗ್ಲೂ ಕಣ್ಣಲ್ಲಿ ನೀರು ಬರ್ತಿದೆ. ನಾಳೆ ಹೋಗಿ ಕೇಳ್ಬಿಡ್ಲಾ?

ನಲಿಕಲಿ ಟೀಚರ್:

ಹೋಗಿ, ಆದ್ರೆ ಕೋಪ ಆರಿದ್ಮೇಲೆ ಹೋಗಿ, ಸ್ಕೂಲ್ ಬಿಟ್ಮೇಲೆ, ಮಗ ಇಲ್ದಂಗೆ. ಮಗುನ ಮಾನಸಿಕವಾಗಿ ನೋಯ್ಸೋದೂ ತಪ್ಪು ಅಂತ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ನಲ್ಲೇ ಇದೆ, ಆದ್ರೆ ಮೊದಲ ಮಾತೇ ಅದಾದ್ರೆ ಮೇಷ್ಟ್ರು ಬಾಗ್ಲು ಹಾಕ್ಕೋತಾರೆ, ಕಷ್ಟ ಮಗುಗೆ. "ಸರ್, ಅವ್ನು ಓದಕ್ಕೆ ಹೆದರ್ತಿದಾನೆ, ಒಂದು ತಿಂಗಳು ಎಲ್ಲರ ಮುಂದೆ ಒಬ್ಬನನ್ನೇ ಓದಿಸ್ಬೇಡಿ, ಜೋಡಿಲಿ ಓದ್ಸಿ, ಆ ಅಡ್ಡಹೆಸರು ನಿಲ್ಲಿಸ್ಕೊಡಿ" ಅಂತ ಕೇಳಿ. ಮೂರೇ ವಿಷಯ. ಕೇಳ್ಲಿಲ್ಲ ಅಂದ್ರೆ ಹೆಚ್‌ಎಂ (ಹೆಡ್ ಮೇಷ್ಟ್ರು), ಸುತ್ತಲಿನ ಸ್ಕೂಲುಗಳನ್ನ ನೋಡ್ಕೊಳ್ಳೋ ಸಿಆರ್‌ಪಿ ಇದಾರೆ.

ಆಮೇಲೆ ಪರ್ವತದ ವಿಷಯ, ಇದು ಎಲ್ಲ ಅಮ್ಮಂದ್ರಿಗೂ ಗೊತ್ತಿರ್ಬೇಕು. ಅವ್ನು ಮಾಡಿದ್ದು ಬುದ್ಧಿ ಇರೋ ತಪ್ಪು. ಅರ್ಕಾವತ್ತು ಬರೆಯೋದು ಅಕ್ಷರ ಆದ್ಮೇಲೆ, ಹೇಳೋದು ಅಕ್ಷರಕ್ಕಿಂತ ಮುಂಚೆ. ಕನ್ನಡದಲ್ಲಿ ಮಿಕ್ಕ ಒತ್ತುಗಳೆಲ್ಲ ಅಕ್ಷರ ಆದ್ಮೇಲೇ ಹೇಳ್ತೀವಿ, ಅಮ್ಮ, ಅಕ್ಕ, ಚಕ್ರ, ಇದೊಂದೇ ಉಲ್ಟಾ. ಎಡದಿಂದ ಬಲಕ್ಕೆ ನಿಯತ್ತಾಗಿ ಓದೋ ಮಗು ಅಲ್ಲೇ ಬೀಳುತ್ತೆ, ಬಾಯಿಪಾಠ ಮಾಡೋ ಮಗು ಬೀಳಲ್ಲ. ಇದನ್ನ ಅವನಿಗೆ ಹಿಂಗೇ ಹೇಳಿ. ಸೂರ್ಯ, ವರ್ಷ, ಕರ್ನಾಟಕ, ಮಾರ್ಗ ಅಂತ ಚೀಟಿ ಬರೆದು, ಮನೆಗೆ ಬರೋ ಪೇಪರಲ್ಲಿ, ಬಸ್ ಬೋರ್ಡಲ್ಲಿ ಅರ್ಕಾವತ್ತು ಹುಡುಕೋ ಆಟ ಆಡ್ಸಿ, ಹತ್ತು ದಿನ ಸಾಕು.

"ಬರಲ್ಲ" ಅಂದಾಗೆಲ್ಲ ನೀವು "ಇನ್ನೂ ಬಂದಿಲ್ಲ" ಅಂತ ತಿದ್ದಿ, ಬೈದಂಗೆ ಬೇಡ, ಸುಮ್ನೆ ಪಕ್ಕದಲ್ಲಿ ಹೇಳಿ. ಬಂದಾಗ "ಜಾಣ" ಅನ್ನೋದೂ ಸ್ವಲ್ಪ ಕಮ್ಮಿ ಮಾಡಿ. ಟ್ರೇನಿಂಗಲ್ಲಿ ಕೇಳಿದ್ದು ಇದು, ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವ್ರೂ ಇನ್ನೊಬ್ರೂ ಸೇರಿ 1998ರಲ್ಲಿ ಐದನೇ ಕ್ಲಾಸ್ ಮಕ್ಕಳ ಜೊತೆ ಮಾಡಿದ ಪ್ರಯೋಗ, ಜಾಣರು ಅಂತ ಹೊಗಳಿಸ್ಕೊಂಡ ಮಕ್ಕಳಲ್ಲಿ ಹೆಚ್ಚಿನವ್ರು ಆಮೇಲೆ ಕಷ್ಟದ ಪ್ರಶ್ನೆ ಮುಟ್ಟೋಕೇ ಹಿಂದೆ ಸರಿದ್ರು, ಚೆನ್ನಾಗಿ ಪ್ರಯತ್ನ ಪಟ್ಟೆ ಅನ್ನಿಸ್ಕೊಂಡವ್ರಲ್ಲಿ ಹೆಚ್ಚಿನವ್ರು ಕಷ್ಟದ್ದೇ ಬೇಕು ಅಂದ್ರು. ನನ್ನ ಕ್ಲಾಸಲ್ಲೂ ಅದೇ ನೋಡಿದೀನಿ. "ಮೂರು ಸಲ ಅಳಿಸಿ ಬರೆದ್ಯಲ್ಲ, ಈಗ ಬಂತು ನೋಡು" ಅಂದ್ರೆ ನಾಲ್ಕನೇ ಸಲಕ್ಕೂ ರೆಡಿ ಇರ್ತಾರೆ.

ಮತ್ತೆ ಹೆಚ್‌ಎಂ ಒಪ್ಪಿದ್ರೆ, ವಾರಕ್ಕೆರಡು ಸಲ ಒಂದನೇ ಕ್ಲಾಸ್ ಮಕ್ಕಳಿಗೆ ಇವ್ನು ಕಥೆ ಓದಿ ಹೇಳ್ಲಿ. ಚಿಕ್ಕವ್ರು ನಗಲ್ಲ, ಬಾಯಿ ಬಿಟ್ಕೊಂಡು ಕೇಳ್ತಾರೆ, ಅಣ್ಣ ಇನ್ನೊಂದು ಅಂತಾರೆ. ಗ್ರಾಮ ಪಂಚಾಯ್ತಿ ಲೈಬ್ರರಿಲಿ ಮಕ್ಕಳ ಪುಸ್ತಕ ಸಿಗುತ್ತೆ, ಮೆಂಬರ್‌ಶಿಪ್‌ಗೆ ಮಕ್ಕಳ ಹತ್ರ ದುಡ್ಡು ತಗೊಳಲ್ಲ, ಅವನನ್ನೇ ಕರ್ಕೊಂಡೋಗಿ ಆರಿಸಕ್ಕೆ ಬಿಡಿ.

ಮಲೆನಾಡ ಹುಡುಗಿ:

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಮೇಲೆ ಹೇಳಿದ್ದೆಲ್ಲ ಸರಿನೇ, ಆದ್ರೆ ಎರಡು ಕ್ಲಾಸನ್ನ ಒಬ್ರೇ ಮೇಷ್ಟ್ರು ನೋಡ್ಕೊಂಡು, ಮಧ್ಯೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸರ್ವೆ ಡ್ಯೂಟಿ ಎಲ್ಲ ಮಾಡ್ತಿದ್ರೆ ಅವರಿಗಾದ್ರೂ ತಾಳ್ಮೆ ಎಲ್ಲಿಂದ ಬರ್ಬೇಕು? ನಮ್ಮೂರ ಸ್ಕೂಲಲ್ಲಿ ಹಂಗಿತ್ತು, ನಾವು ಮಗಳನ್ನ ಪೇಟೆ ಸ್ಕೂಲಿಗೆ ಹಾಕಿದ್ವಿ. ಅಲ್ಲಿ ಟೀಚರ್ ಇದಾರೆ, ಆದ್ರೆ ಒಂದನೇ ಕ್ಲಾಸಿಂದಾನೇ ರ‍್ಯಾಂಕು, ಅವಳಿಗೆ ಅಲ್ಲೂ ಹೊಟ್ಟೆನೋವು ಬಂತು. ಹಳದಿ ಬಸ್ ಹತ್ತಿಸೋಕೆ ಮುಂಚೆ ಎರಡು ಸಲ ಯೋಚ್ನೆ ಮಾಡಿ ಅಕ್ಕ.

ನಲಿಕಲಿ ಟೀಚರ್:

ಮೇಷ್ಟ್ರುಗಳ ಕೊರತೆ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅತಿಥಿ ಶಿಕ್ಷಕರಿಗಾಗಿ ಬಿಇಒ (ತಾಲ್ಲೂಕು ಶಿಕ್ಷಣಾಧಿಕಾರಿ) ಆಫೀಸಿಗೆ ಎಸ್‌ಡಿಎಂಸಿಯವ್ರು ಎಲ್ರೂ ಒಟ್ಟಿಗೆ ಹೋಗಿ ಕೇಳಿದ್ರೆ ತೂಕ ಜಾಸ್ತಿ, ಅಷ್ಟು ಹೇಳಬಲ್ಲೆ.

ಅರಸೀಕೆರೆ ಅಮ್ಮ:

ಹೋಗಿ ಬಂದೆ. ಮೇಷ್ಟ್ರು ಮೊದ್ಲು ಮುಖ ಗಂಟು ಹಾಕ್ಕೊಂಡ್ರು, ಆಮೇಲೆ ಅವ್ರೇ "ನಾನು ಅಂದಿದ್ದು ಅವನಿಗೆ ಇಷ್ಟು ತಾಗುತ್ತೆ ಅಂತ ಗೊತ್ತಿರ್ಲಿಲ್ಲಮ್ಮ" ಅಂದ್ರು. ಅಡ್ಡಹೆಸರು ನಿಲ್ಸಿದಾರೆ, ಜೋಡಿ ಓದು ಸೋಮವಾರದಿಂದ ಅಂದಿದಾರೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಮೊನ್ನೆ ಬುಧವಾರನೂ ಅತ್ತ. ಅರ್ಕಾವತ್ತು ಬೇಟೆ ಮಾತ್ರ ಜೋರಾಗಿ ನಡೀತಿದೆ, ಅಂಗಡಿ ಬೋರ್ಡೆಲ್ಲ ಓದ್ತಾನೆ.

ಧಾರವಾಡದ ಅಣ್ಣ, ಹೊಲ ಅಳೆಯೋದನ್ನ ಹೆಚ್‌ಎಂ ಹತ್ರ ಹೇಳ್ದೆ, ಮೂರನೇ ಶನಿವಾರ ಮಾಡೋಣ ಅಂದಿದಾರೆ, ನಮ್ಮ ಮಾವನ್ನೂ ಕರ್ಕೊಂಡು ಬನ್ನಿ ಅಂದ್ರು. ಹಗ್ಗ ಎಂಥದ್ದು ತರ್ಬೇಕು, ಎಷ್ಟು?

ಧಾರವಾಡ ಕಡೆ ಒಕ್ಕಲಿಗ:

ಬಾಳ ಖುಷಿ ಆತು ತಂಗಿ. ನೈಲಾನ್ ಹಗ್ಗ ಬ್ಯಾಡ, ಜಗ್ಗಿದ್ರ ಉದ್ದ ಆಕ್ಕೈತಿ, ಲೆಕ್ಕ ತಪ್ಪತೈತಿ. ಸೆಣಬಿನ ದಪ್ಪನ್ನ ಹಗ್ಗ ತಗೋರಿ, ಗುಂಪಿಗೊಂದರಂಗ ಮೂರು. 33 ಅಡಿಗೆ ಗುರ್ತು ಹಾಕ್ರಿ, ಗಂಟ ಹಾಕಿದ್ರ ಹಗ್ಗ ಗಿಡ್ಡ ಆಕ್ಕೈತಿ, ಅದಕ್ಕ ಮೂರ್ ಮೂರ್ ಅಡಿಗೆ ಕೆಂಪ ಅರಿವಿ ಕಟ್ಟರಿ, ಹನ್ನೊಂದ ಅರಿವಿ ಬರ್ತಾವ. ಆ ಅರಿವಿ ಕಟ್ಟೂ ಕೆಲಸ ಹಿಂದಿನ ದಿನ ಮನ್ಯಾಗ ನಿಮ್ಮ ಹುಡುಗನ ಕೈಲೆ ಮಾಡಸ್ರಿ, ಅಜ್ಜನ್ನೂ ಬಾಜೂಕ ಕುಂಡ್ರಸ್ರಿ.