ಪದಚರ್ಚೆ: ಮಿಲಿಟರಿ ಕೋರ್ಟಿನ ‘ಪ್ಲೀ ಅಗ್ರಿಮೆಂಟ್’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕೋರ್ಟ್ ಮಾರ್ಷಲ್ (ಸೈನಿಕರನ್ನು ವಿಚಾರಿಸುವ ಸೇನಾ ನ್ಯಾಯಾಲಯ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಪ್ಲೀ ಅಗ್ರಿಮೆಂಟ್’ಗೆ, ಅಂದರೆ ಶಿಕ್ಷೆಗೆ ಮಿತಿ ಹಾಕಿಸಿಕೊಂಡು ಆರೋಪಿ ತಪ್ಪೊಪ್ಪಿಕೊಳ್ಳುವ ಕರಾರಿಗೆ, ಏನು ಬಳಸಲಿ? ‘ಚೌಕಾಸಿ’ ಅಂತ ಬರೆದರೆ ಇಬ್ಬರೂ ಒಪ್ಪಿದರೆ ವ್ಯವಹಾರ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಅಲ್ಲಿ ಹಾಗೆ ಮುಗಿಯುವುದಿಲ್ಲ.

ಸುಮ್ನೆ ‘ತಪ್ಪಾಯಿತು’ ಅಂದರೆ ಜಡ್ಜ್ ಬಿಡುವುದಿಲ್ಲ. ಏನು ಮಾಡಿದೆ, ಯಾಕೆ ಮಾಡಿದೆ ಅಂತ ಆರೋಪಿಯ ಬಾಯಿಂದಲೇ ಹೇಳಿಸುತ್ತಾರೆ. 1969ರಲ್ಲಿ ಕೇರ್ ಎಂಬಾತನ ಪ್ರಕರಣದ ತೀರ್ಪಿನಿಂದ ಈ ವಿಚಾರಣೆ ಗಟ್ಟಿಯಾಯಿತು. ಸೇನೆ ಬಿಟ್ಟು ಓಡಿಹೋದ ಆರೋಪ ಹೊತ್ತ ಸಿಪಾಯಿ ತಪ್ಪೊಪ್ಪಿಕೊಂಡು, ಆಮೇಲೆ ‘ವಾಪಸ್ ಬರಬೇಕು ಅಂತಲೇ ಇದ್ದೆ ಸಾರ್’ ಅಂದರೆ ಆ ಒಪ್ಪಿಗೆ ನಿಲ್ಲುವುದಿಲ್ಲ, ಯಾಕೆಂದರೆ ಮರಳಿ ಬಾರದ ಉದ್ದೇಶವೇ ಆ ಅಪರಾಧದ ತಿರುಳು. ಮರಣದಂಡನೆ ಕಡ್ಡಾಯವಾಗಿರುವ ಅಪರಾಧಕ್ಕಂತೂ ತಪ್ಪೊಪ್ಪಿಗೆ ತೆಗೆದುಕೊಳ್ಳುವಂತೆಯೇ ಇಲ್ಲ. ವಕೀಲರ ಹಕ್ಕು, ಮೇಲ್ಮನವಿಯ ಹಕ್ಕು ಬಿಟ್ಟುಕೊಡು ಅನ್ನುವ ಷರತ್ತು ಹಾಕಿದರೂ ಅದು ಊರ್ಜಿತವಲ್ಲ. 2019ರಿಂದ ಕರಾರಿನಲ್ಲಿ ಶಿಕ್ಷೆಯ ಕೆಳಮಿತಿ, ಮೇಲ್ಮಿತಿ ಎರಡನ್ನೂ ಬರೆಯಬಹುದು. ಕರಾರನ್ನು ಒಪ್ಪಿಕೊಂಡ ಮೇಲೆ ಕೋರ್ಟು ಅದಕ್ಕೆ ಬದ್ಧ.

ಎರಡನೇ ತೊಡಕು, ಸರ್ಕಾರದ ಕಡೆಯಿಂದ ಸಹಿ ಹಾಕುವವರು ಯಾರು ಅನ್ನುವುದು. ಸಾಮಾನ್ಯವಾಗಿ ಅದು ಸರ್ಕಾರಿ ವಕೀಲರಲ್ಲ, ಕೋರ್ಟ್ ಮಾರ್ಷಲ್ ಕರೆಯುವ ಕಮಾಂಡರ್, ಅಂದರೆ ‘ಕನ್ವೀನಿಂಗ್ ಅಥಾರಿಟಿ’. ಇದಕ್ಕೆ ‘ಸಂಚಾಲಕ’ ಅಂದರೆ ಯಾವುದೋ ಸಮ್ಮೇಳನ ಸಮಿತಿ ನೆನಪಾಗುತ್ತದೆ. ಭಯೋತ್ಪಾದನೆಯ ಆರೋಪಿಗಳನ್ನು ಇಟ್ಟಿರುವ ಅಮೆರಿಕದ ಸೇನಾ ನೆಲೆ ಗ್ವಾಂಟನಾಮೊದಲ್ಲಿ ಈ ಅಧಿಕಾರ ಯಾರದು ಅನ್ನುವುದರ ಮೇಲೇ ಕೇಸು ನಿಂತಿತ್ತು (ಅದು ಕೋರ್ಟ್ ಮಾರ್ಷಲ್ ಅಲ್ಲ, ಅಂಥ ಆರೋಪಿಗಳ ವಿಚಾರಣೆಯ ಮಿಲಿಟರಿ ಕಮಿಷನ್, ಅದು ಬೇರೆ ಮಾತು). 2024ರ ಜುಲೈ ಕೊನೆಯಲ್ಲಿ 9/11 ದಾಳಿಯ ಮೂವರು ಆರೋಪಿಗಳ ಜೊತೆ ಅಲ್ಲಿನ ಕನ್ವೀನಿಂಗ್ ಅಥಾರಿಟಿ ಸೂಸನ್ ಎಸ್ಕಲಿಯರ್ ಕರಾರು ಮಾಡಿಕೊಂಡರು. ತಪ್ಪೊಪ್ಪಿಕೊಂಡರೆ ಗಲ್ಲು ಇಲ್ಲ, ಜೀವಾವಧಿ. ಎರಡೇ ದಿನಕ್ಕೆ ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್ ಅದನ್ನು ರದ್ದು ಮಾಡಿದರು. ಕರಾರು ಊರ್ಜಿತ ಅಂತ ಮಿಲಿಟರಿ ಜಡ್ಜ್ ಹೇಳಿದರು. 2025ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು 2-1ರಲ್ಲಿ ಸಚಿವರ ಪರ ತೀರ್ಪು ಕೊಟ್ಟಿತು.

ಸದ್ಯಕ್ಕೆ ‘ತಪ್ಪೊಪ್ಪಿಗೆ ಕರಾರು’ ಅಂತ ಬರೆದುಕೊಂಡಿದ್ದೇನೆ. ಆದರೆ ಪೊಲೀಸರ ಮುಂದೆ ಬಾಯಿಬಿಡುವುದಕ್ಕೂ ಪತ್ರಿಕೆಯವರು ‘ತಪ್ಪೊಪ್ಪಿಗೆ’ ಅಂತಲೇ ಬರೆಯುತ್ತಾರೆ. ಇವೆರಡನ್ನೂ ಬೇರೆ ಮಾಡಿ ತೋರಿಸುವ ಪದ ನಮ್ಮ ಕೋರ್ಟುಗಳ ಬಳಕೆಯಲ್ಲಿದೆಯೇ? ವಕೀಲರು, ನಿವೃತ್ತ ಸೈನಿಕರು ಯಾರಾದರೂ ಇದ್ದರೆ ಹೇಳಿ. ‘ಕನ್ವೀನಿಂಗ್ ಅಥಾರಿಟಿ’ಗೂ ಒಂದು ಪದ ಬೇಕು.