ವಜ್ರಾಸನದ ಕೂರುವಿಕೆಗೆ ಕನ್ನಡದ ಮಾತು ಯಾವುದು?

ಮಾನ್ಯರೇ,

ಶಿರಸಿಯ ಯೋಗವರ್ಗವೊಂದಕ್ಕೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸಂದೇಹ ಹುಟ್ಟಿದ್ದು ವಜ್ರಾಸನದ ಪುಟದಲ್ಲಿ. ವರ್ಗದಲ್ಲಿ ‘ಮಂಡಿಯೂರಿ ಕುಳಿತುಕೊಳ್ಳಿ’ ಎಂದು ಹೇಳುವುದು ರೂಢಿ. ಆದರೆ ಮಂಡಿಯೂರುವುದೆಂದರೆ ಮೊಣಕಾಲನ್ನು ನೆಲಕ್ಕೆ ಕೊಟ್ಟು ಮೈಯನ್ನು ಮೇಲೆ ನಿಲ್ಲಿಸಿಕೊಳ್ಳುವುದಲ್ಲವೇ? ಇಂದು ರೂಢಿಯಲ್ಲಿರುವ, ಮೊಣಕಾಲಮೇಲೆ ನಿಂತು ಹಿಂದಕ್ಕೆ ಬಾಗುವ ಉಷ್ಟ್ರಾಸನದ ಆರಂಭಕ್ಕೆ ಈ ಮಾತು ಒಪ್ಪುತ್ತದೆ. ವಜ್ರಾಸನದಲ್ಲಾದರೋ ಪಾದದ ಮೇಲ್ಭಾಗ ನೆಲಕ್ಕೆ ತಾಗಿ, ಅಂಗಾಲು ಮೇಲ್ಮುಖವಾಗಿ, ದೇಹದ ಭಾರವೆಲ್ಲ ಹಿಮ್ಮಡಿಗಳ ಮೇಲೆ ಇಳಿದಿರುತ್ತದೆ. ‘ಚಕ್ಕಳಮಕ್ಕಳ’, ‘ಕುಕ್ಕರಗಾಲು’ ಎಂದೊಡನೆ ಕೂರುವ ಭಂಗಿ ಕಣ್ಣಿಗೆ ಕಟ್ಟುವಂತೆ ಈ ಭಂಗಿಯನ್ನು ಕಟ್ಟಿಕೊಡುವ ಒಂದೇ ಪದಕ್ಕಾಗಿ ಹುಡುಕುತ್ತಿದ್ದೇನೆ. ಬರಿಯ ‘ಮಂಡಿ’ ಎಂದರೆ ನಮ್ಮ ಜಿಲ್ಲೆಯ ಕಿವಿಗೆ ಬಡಗುತಿಟ್ಟಿನ ಯಕ್ಷಗಾನದ ವೇಷಧಾರಿ ರಂಗದಲ್ಲಿ ಮೊಣಕಾಲಮೇಲೆ ಗಿರ್ರನೆ ಸುತ್ತುವ ಕುಣಿತ ನೆನಪಾಗುತ್ತದೆ. ಶಿರಸಿ ಪೇಟೆಯವರಿಗಂತೂ ಅದಕ್ಕೂ ಮೊದಲು ಅಡಿಕೆ ಮಂಡಿ.

ಹಳೆಯ ಗ್ರಂಥಗಳ ಕಡೆ ತಿರುಗಿದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಹಠಯೋಗಪ್ರದೀಪಿಕೆಯ ಮೊದಲ ಉಪದೇಶದಲ್ಲಿ (ಅಧ್ಯಾಯದಲ್ಲಿ) ‘ವಜ್ರಾಸನ’ವೆಂಬುದು, ಹಿಮ್ಮಡಿಯೊಂದನ್ನು ಗುದ-ಜನನಾಂಗಗಳ ನಡುವೆ ಒತ್ತಿ ಕೂರುವ ಸಿದ್ಧಾಸನಕ್ಕೇ ಕೆಲವರು ಹೇಳುವ ಇನ್ನೊಂದು ಹೆಸರು, ಮುಕ್ತಾಸನ, ಗುಪ್ತಾಸನ ಎಂಬ ಹೆಸರುಗಳೂ ಅದರ ಜೊತೆಗೇ ಬರುತ್ತವೆ. 32 ಆಸನಗಳನ್ನು ಹೇಳುವ ಘೇರಂಡಸಂಹಿತೆಯಾದರೋ ಇವೆಲ್ಲವನ್ನೂ ಬೇರೆಬೇರೆಯಾಗಿ ಎಣಿಸಿ, ವಜ್ರಾಸನಕ್ಕೆ ‘ಜಂಘಾಭ್ಯಾಂ ವಜ್ರವತ್ ಕೃತ್ವಾ ಗುದಪಾರ್ಶ್ವೇ ಪದಾವುಭೌ’ ಎಂಬ ಲಕ್ಷಣವನ್ನು ಕೊಡುತ್ತದೆ. ಮೊಣಕಾಲಿನ ಕೆಳಗಿನ ಭಾಗವನ್ನು ವಜ್ರದಂತೆ ಗಟ್ಟಿಮಾಡಿ ಎರಡೂ ಪಾದಗಳನ್ನು ಗುದದ ಪಕ್ಕದಲ್ಲಿ ಇಡಬೇಕೆಂಬುದು ಇದರ ತಾತ್ಪರ್ಯ. ಇಲ್ಲಿರುವುದು ‘ಪಾರ್ಶ್ವೇ’, ಎಂದರೆ ಪಕ್ಕದಲ್ಲಿ, ಕೆಳಗೆ ಎಂದಲ್ಲ. ಪದಕ್ಕೆ ಪದ ಹಿಡಿದು ಓದಿದರೆ, ಪಾದಗಳನ್ನು ಸೊಂಟದ ಆಚೀಚೆ ಸರಿಸಿ ಪೃಷ್ಠವನ್ನು ನೆಲಕ್ಕೆ ಊರುವ ಭಂಗಿಗೇ, ಎಂದರೆ ಬಿ.ಕೆ.ಎಸ್. ಅಯ್ಯಂಗಾರ್ ಪರಂಪರೆಯಲ್ಲಿ ವೀರಾಸನವೆಂದು ಕಲಿಸುವುದಕ್ಕೇ, ಈ ಲಕ್ಷಣ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಅದೇ ಸಂಹಿತೆಯ ವೀರಾಸನದಲ್ಲಿ ಒಂದು ಪಾದ ತೊಡೆಯ ಮೇಲಿರುತ್ತದೆ, ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಅದರ ಉಷ್ಟ್ರಾಸನವನ್ನು ಮಾಡುವುದು ಕವುಚಿ ಮಲಗಿ!

ಪ್ರಭೇದಗಳ ಹೆಸರುಗಳಲ್ಲಿಯೂ ಇದೇ ಪಾಡು. ವಜ್ರಾಸನದಲ್ಲಿ ಕುಳಿತು ಮೊಣಕೈಗಳ ಆಸರೆಯಿಂದ ಹಿಂದಕ್ಕೆ ಒರಗುವುದನ್ನು ನಮ್ಮಲ್ಲಿ ಸುಪ್ತವಜ್ರಾಸನ ಎನ್ನುತ್ತಾರೆ. ಮೈಸೂರಿನ ಪಟ್ಟಾಭಿ ಜೋಯಿಸರ ಕ್ರಮದಲ್ಲಿ ಅದೇ ಹೆಸರಿನ ಆಸನವನ್ನು ಪದ್ಮಾಸನ ಹಾಕಿ ಮಾಡುತ್ತಾರೆ. ಮಂಡೂಕಾಸನವೆಂದು ಇಂದು ಹಲವೆಡೆ ಹೇಳಿಕೊಡುವುದು ಮುಷ್ಟಿಯನ್ನು ಹೊಕ್ಕುಳ ಬಳಿ ಒತ್ತಿ ಮುಂದಕ್ಕೆ ಬಾಗುವ ಕ್ರಮವನ್ನು. ಘೇರಂಡದಲ್ಲಿ ಹಿಂದೆ ಕಾಲಿನ ಹೆಬ್ಬೆರಳುಗಳು ಕೂಡಬೇಕು, ಮೊಣಕಾಲುಗಳು ಮುಂದಿರಬೇಕು, ಬಾಗುವ ಮಾತೇ ಇಲ್ಲ. ಇನ್ನು ಹಣೆಯನ್ನು ನೆಲಕ್ಕೆ ತಾಗಿಸುವ ಶಶಾಂಕಾಸನ. ಇದು ಆ 32ರಲ್ಲಿ ಬರುವುದಿಲ್ಲ. ಮೊಲದ ಭಂಗಿಯೆಂದು ವಿವರಿಸುವುದಾದರೆ ‘ಶಶಕಾಸನ’ ಎನ್ನುವುದೇ ನೇರ, ಏಕೆಂದರೆ ಶಶಾಂಕನೆಂದರೆ ಮೊಲದ ಗುರುತುಳ್ಳ ಚಂದ್ರ. ಆದರೂ ಕೈಪಿಡಿಯಲ್ಲಿ ‘ಶಶಾಂಕ’ವನ್ನೇ ಉಳಿಸಿಕೊಂಡಿದ್ದೇನೆ.

ಸಂಸ್ಕೃತದ ಹೆಸರುಗಳನ್ನು ಬದಲಿಸುವ ಉದ್ದೇಶ ನನಗಿಲ್ಲ. ಹೆಸರೊಂದೇ ಭಂಗಿಯನ್ನು ತಿಳಿಸಲಾರದು ಎಂದಾದಮೇಲೆ, ಅದರ ಪಕ್ಕದಲ್ಲಿ ಬರುವ ಕನ್ನಡದ ಸೂಚನೆಯಾದರೂ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕಷ್ಟೆ. ಸದ್ಯಕ್ಕೆ ವಜ್ರಾಸನಕ್ಕೆ ‘ಮೊಣಕಾಲು ಮಡಚಿ ಹಿಮ್ಮಡಿಗಳ ಮೇಲೆ ಕೂರುವುದು’ ಎಂದೂ, ವೀರಾಸನಕ್ಕೆ ‘ಹಿಮ್ಮಡಿಗಳ ನಡುವೆ ನೆಲಕ್ಕೆ ಕೂರುವುದು’ ಎಂದೂ ಬರೆದಿದ್ದೇನೆ. ಅರ್ಥ ಸ್ಪಷ್ಟವಿದೆ, ಆದರೆ ಇಪ್ಪತ್ತು ಜನರೆದುರು ನಿಂತು ಒಂದೇ ಉಸಿರಿಗೆ ಹೇಳಲು ಉದ್ದವಾಯಿತು. ಹವಿಗನ್ನಡದಲ್ಲಿ, ಕುಮಟಾ-ಅಂಕೋಲೆ ಕಡೆಯ ಹಾಲಕ್ಕಿಗಳ ಮಾತಿನಲ್ಲಿ ಅಥವಾ ಹಳಗನ್ನಡದ ಪ್ರಯೋಗಗಳಲ್ಲಿ ಈ ಎರಡು ಕೂರುವಿಕೆಗಳಿಗೆ ಒಂದೊಂದೇ ಪದವಿದ್ದರೆ, ಅದನ್ನು ಬಳಸುವ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.