ಓದುಗರ ಸ್ಪಂದನ: ಒಳಗೆ ಮಾತಾಡುವವರೆಲ್ಲ ಮನೆಯವರೇ

ಕಳೆದ ಸಂಚಿಕೆಯ ಪ್ರಶ್ನೆ: ಮದುವೆಯಾಗಿ ನೆದರ್ಲೆಂಡ್ಸ್‌ನ ಐಂಡ್‌ಹೋವೆನ್‌ಗೆ ಬಂದಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟ ಮೇಲೆ ನಿದ್ದೆ ಕೆಟ್ಟಿತು. ಸುಮ್ಮಸುಮ್ಮನೆ ಅಳು ಬರುತ್ತದೆ, ಊರಿಂದ ಅತ್ತೆಯ ಫೋನ್ ಬಂದ ದಿನ ಇನ್ನೂ ಜಾಸ್ತಿ. ಇಲ್ಲಿನ ಥೆರಪಿಸ್ಟ್ ‘ನಿನ್ನನ್ನು ಸದಾ ಬೈಯುವ ಆ ಭಾಗ ಎಲ್ಲಿದೆ? ನಿನಗೀಗ ಎಷ್ಟು ವಯಸ್ಸು ಅಂದುಕೊಂಡಿದೆ?’ ಎಂದು ಕೇಳುತ್ತಾರೆ. ಕಣ್ಣು ಮುಚ್ಚಿದರೆ ನನಗೆ ಯಾವ ಭಾಗವೂ ಕಾಣುವುದಿಲ್ಲ. ತೀರಿಹೋದ ಅಜ್ಜಿ, ಅಪ್ಪ, ಅತ್ತೆ, ಅಕ್ಕ ಬಂದು ಕೂರುತ್ತಾರೆ. ಅವರನ್ನೆಲ್ಲ ಪಕ್ಕಕ್ಕೆ ಸರಿಯಲು ಹೇಳಿದರೆ ಕೊನೆಗೆ ಶಾಂತವಾದ ‘ನೀನು’ ಉಳಿಯುತ್ತೀಯ ಎಂದರು. ಸರಿಸಿದೆ. ಯಾರೂ ಉಳಿಯಲಿಲ್ಲ, ಹೆದರಿಕೆಯಾಯಿತು. ‘ತಲೆಯೊಳಗೆ ದನಿ ಗಿನಿ ಅಂತ ಯಾರ ಮುಂದೆಯೂ ಹೇಳಬೇಡ’ ಅಂದರು ಅಮ್ಮ. ಇದು ಹುಚ್ಚಿನ ಶುರುವೇ? ಹೋಗುವುದನ್ನು ನಿಲ್ಲಿಸಲೇ?

*

ಮೊದಲು ನಿಮ್ಮ ಅಮ್ಮನ ಭಯಕ್ಕೆ ಉತ್ತರ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದರು ಎಂಬುದು ಅಜ್ಜಿಯ ದನಿಯಲ್ಲೇ ಮನಸ್ಸಿಗೆ ಬರುವುದು ಕಾಯಿಲೆಯಲ್ಲ. ಆ ದನಿ ಹೊರಗಿನಿಂದ ಕಿವಿಗೆ ಬಿದ್ದರೆ, ಇಂಥದ್ದು ಮಾಡು ಎಂದು ಬಲವಂತ ಮಾಡಿದರೆ, ನಡುವಿನ ಹೊತ್ತಿನಲ್ಲಿ ಏನಾಯಿತೆಂದೇ ನೆನಪಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ನಿಮ್ಮ ಪತ್ರದಲ್ಲಿ ಅಂಥ ಸುಳಿವಿಲ್ಲ. ನಿದ್ದೆ ಮತ್ತು ಅಳುವಿನ ವಿಷಯವನ್ನು ಮಾತ್ರ ನಿಮ್ಮ ಕುಟುಂಬ ವೈದ್ಯರಿಗೆ ಬೇರೆಯಾಗಿ ಹೇಳಿ. ಖಿನ್ನತೆಯಿದ್ದರೆ ಚಿಕಿತ್ಸೆ ಬೇಕಾಗಿರುವುದು ಅದಕ್ಕೆ, ಅಜ್ಜಿಗಲ್ಲ.

ಪ್ರಶ್ನೆಗಳ ಧಾಟಿ ನೋಡಿದರೆ ನಿಮ್ಮ ಥೆರಪಿಸ್ಟ್ ಬಳಸುತ್ತಿರುವುದು ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಶ್ವಾರ್ಟ್ಜ್ ಕಟ್ಟಿದ ಪದ್ಧತಿ. ಆತ ಮೂಲತಃ ಕುಟುಂಬ ಚಿಕಿತ್ಸಕ. ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇದ್ದವರು ‘ನನ್ನ ಒಂದು ಭಾಗ ಬೈಯುತ್ತೆ, ಇನ್ನೊಂದು ತಿನ್ನು ಅನ್ನುತ್ತೆ’ ಎನ್ನುತ್ತಿದ್ದರಂತೆ. ಜಗಳವಾಡುವ ಮನೆಮಂದಿಗೆ ಹೇಳುತ್ತಿದ್ದುದನ್ನೇ ಆತ ಈ ಭಾಗಗಳಿಗೂ ಹೇಳಿಸಿ ನೋಡಿದ: ಒಬ್ಬರು ಮಾತಾಡುವಾಗ ಉಳಿದವರು ಸ್ವಲ್ಪ ಸರಿದು ಕೂರಿ. ಹಳೆಯ ನೋವು ಹೊತ್ತು ಮೂಲೆಗೆ ತಳ್ಳಿಸಿಕೊಂಡ ಭಾಗಗಳು ಕೆಲವು. ಆ ನೋವು ಮೇಲೇಳದಂತೆ ದಿನವಿಡೀ ಕಾವಲು ಕಾಯುವವು ಕೆಲವು. ಎದ್ದೇಬಿಟ್ಟರೆ ಊಟವೋ ಕುಡಿತವೋ ಸಿಟ್ಟೋ, ಕೈಗೆ ಸಿಕ್ಕಿದ್ದನ್ನು ಸುರಿದು ಆರಿಸಲು ಓಡುವವು ಇನ್ನು ಕೆಲವು. ಬೈಯುವ ಭಾಗವನ್ನೂ ಶತ್ರುವೆನ್ನದೆ ಕಾವಲುಗಾರನೆಂದು ಕಾಣುವುದು ಈ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ ಗುಣ.

ಇವೆಲ್ಲದರ ಹಿಂದೆ ಗಾಯವಾಗದ, ಶಾಂತವಾದ ಒಂದು ‘ಸೆಲ್ಫ್’ ಪ್ರತಿಯೊಬ್ಬರಲ್ಲೂ ಇದೆ ಎಂಬುದು ಶ್ವಾರ್ಟ್ಜ್ ನಂಬಿಕೆ. ನಂಬಿಕೆ ಎಂದೇ ಬರೆಯುತ್ತಿದ್ದೇನೆ. ಜನಪ್ರಿಯತೆಗೆ ಹೋಲಿಸಿದರೆ ಈ ಪದ್ಧತಿಯ ಮೇಲೆ ನಡೆದ ಗಟ್ಟಿ ಅಧ್ಯಯನಗಳು ಕಡಿಮೆ. ಆ ‘ನಾನು’ ನಿಮಗೆ ಸಿಗಲಿಲ್ಲವೆಂದರೆ ಅದು ನಿಮ್ಮ ದೋಷವಲ್ಲ.

ನೀವಿರುವ ದೇಶದಲ್ಲೇ ಬೇರೊಂದು ಉತ್ತರವೂ ಹುಟ್ಟಿದೆ. ನೈಮೇಖನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯೂಬರ್ಟ್ ಹರ್ಮನ್ಸ್ ಮತ್ತು ಸಂಗಡಿಗರು 1992ರಲ್ಲಿ ‘ಡಯಲಾಜಿಕಲ್ ಸೆಲ್ಫ್’ ಎಂಬ ವಾದ ಮುಂದಿಟ್ಟರು. ಪಾತ್ರಗಳೆಲ್ಲ ಸ್ವಂತ ದನಿಯಲ್ಲಿ ಮಾತಾಡುವ ಕಾದಂಬರಿಯ ಬಗ್ಗೆ ರಷ್ಯದ ಸಾಹಿತ್ಯ ಚಿಂತಕ ಬಖ್ತಿನ್ ಬರೆದದ್ದನ್ನು ಅವರು ಮನಸ್ಸಿಗೆ ಅನ್ವಯಿಸಿದರು. ಅವರ ಪ್ರಕಾರ ‘ನನ್ನ ಅಜ್ಜಿ’ ಎಂಬುದೂ ನನ್ನದೇ ಒಂದು ನೆಲೆ. ಅಲ್ಲಿ ನಿಂತು ಮಾತಾಡಬಹುದು, ಅಲ್ಲಿಂದ ‘ನನ್ನ ಕೆಲಸ’ ಎಂಬ ನೆಲೆಗೆ ಹೋಗಿ ಅಜ್ಜಿಗೆ ಉತ್ತರವನ್ನೂ ಕೊಡಬಹುದು. ಹಾಗೆ ಓಡಾಡುತ್ತಿರುವುದೇ ‘ನಾನು’. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರೆ ಕೋಣೆ ಖಾಲಿ ಕಾಣುವುದು ಸಹಜವೇ. ಕುಟುಂಬದ ನಡುವೆಯೇ ಬೆಳೆದ ನಮ್ಮಂಥವರಿಗೆ ಈ ಲೆಕ್ಕ ಹೆಚ್ಚು ಹೊಂದುತ್ತದೆ ಎಂದು ನನ್ನ ಅನುಭವ.

ಥೆರಪಿಸ್ಟ್‌ಗೆ ನೇರವಾಗಿ ಹೇಳಿ: ‘ಇವರನ್ನು ಸರಿಸುವುದು ಬೇಡ, ಇವರ ಜೊತೆ ಮಾತಾಡಲು ಸಹಾಯ ಮಾಡಿ.’ ಕೇಳಿಸಿಕೊಂಡು ದಾರಿ ಬದಲಿಸಿದರೆ ಮುಂದುವರಿಯಿರಿ. ಅದನ್ನೂ ನಿಮ್ಮ ಹಟವೆಂದೇ ಬಗೆದರೆ ಬೇರೊಬ್ಬರನ್ನು ಹುಡುಕಿ.

—ಆಪ್ತಸಮಾಲೋಚಕಿ, ಬೆಂಗಳೂರು

*

ತಂಗಿ, ನಿನ್ನ ಪತ್ರ ಓದಿ ನಗು ಬಂತು, ಸಿಟ್ಟಾಗಬ್ಯಾಡ. ನಾಕ ಮಂದಿಗೇ ಹೆದರಿದ್ರ ಹೆಂಗ? ನನ್ನೊಳಗ ಇಡೀ ಓಣೀನ ಐತಿ. ನಮ್ಮವ್ವ ಹೋಗಿ ಎಷ್ಟೋ ವರ್ಷಾತು, ಇವತ್ತಿಗೂ ಹಂಚಿನ ಮ್ಯಾಲೆ ರೊಟ್ಟಿ ಕರಕಾದ್ರ ಆಕಿ ಬೈತಾಳ.

ಹಿರಿಯಾರನ್ನ ನಾವು ಮನ್ಯಾಗಿಂದ ಓಡಸಂಗಿಲ್ಲ, ಹಂಗಂತ ವರ್ಷಿಡೀ ತಲಿ ಮ್ಯಾಲೂ ಕುಂದರಸ್ಕೊಳ್ಳಂಗಿಲ್ಲ. ಮಹಾಲಯ ಅಮಾಸಿಗೆ ಕರೀತೀವಿ, ಅವರಿಗೆ ಸೇರೋದನ್ನ ಮಾಡಿ ಎಡಿ ಇಡ್ತೀವಿ, ಕೈ ಮುಗದು ಕಳಸ್ತೀವಿ. ನಿನ್ನ ಅಜ್ಜಿನ್ನೂ ಹಂಗ ಕರಿ, ಮಾತಾಡ್ಸು, ಕಳಸು.

ಆದ್ರ ಎಲ್ಲಾ ದನಿಗೂ ಮರ್ಯಾದಿ ಕೊಡಬೇಕು ಅನ್ನೋದನ್ನ ನಾ ಒಪ್ಪಂಗಿಲ್ಲ. ನನ್ನ ಸೋದರಮಾವ ಒಬ್ಬಾಂವ ಇದ್ದ, ಹೆಣ್ಣುಡುಗ್ಯಾರಿಗೆ ಸಾಲಿ ಯಾಕ ಅನ್ನಾಂವ. ಅವನ ದನಿಗೆ ‘ನಿನಗೇನು ಬೇಕಪಾ, ನಿನ್ನ ಸಂಕಟ ಏನು’ ಅಂತ ಕೇಳಾಕ ನನ್ನಿಂದಂತೂ ಆಗಂಗಿಲ್ಲ. ನಿವೃತ್ತಿ ಆಗೂತನಕ ಸಾಲ್ಯಾಗ ಕಲಿಸಿ ಉತ್ತರ ಕೊಟ್ಟೀನಿ, ಸಾಕು.

—ನಿವೃತ್ತ ಶಿಕ್ಷಕಿ, ಧಾರವಾಡ

*

ನನಗೆ ನಿಜಕ್ಕೂ ಕೇಳಿಸುತ್ತದೆ, ಕಿವಿಗೇ. ಸ್ಕಿಜೋಫ್ರೇನಿಯಾ ಎಂದಿದ್ದಾರೆ. ಮಾತ್ರೆ ತಗೊಳ್ತೇನೆ, ಕೆಲಸಕ್ಕೂ ಹೋಗ್ತೇನೆ. ನಿಮ್ಮದು ನನ್ನಂಥದ್ದಲ್ಲ. ಆದರೆ ‘ಯಾರ ಮುಂದೆಯೂ ಹೇಳಬೇಡ’ ಎಂಬ ಮಾತನ್ನು ನಾನೂ ಕೇಳಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾಸ್ಟ್ರಿಕ್ಟ್ ನಿಮ್ಮೂರಿಗೆ ದೂರವಿಲ್ಲ. ಅಲ್ಲಿನ ಮನೋವೈದ್ಯ ಮಾರಿಯಸ್ ರೊಮ್ಮೆ ಅವರ ಬಳಿ ಪ್ಯಾಟ್ಸಿ ಹಾಗ ಎಂಬಾಕೆ ಚಿಕಿತ್ಸೆಗೆ ಬರುತ್ತಿದ್ದರು. ಕಣ್ಣಿಗೆ ಕಾಣದ, ಕಿವಿಗೆ ಕೇಳದ ದೇವರನ್ನು ನೀವು ನಂಬುತ್ತೀರಿ, ನನಗೆ ಕೇಳುತ್ತಿರುವ ದನಿಯನ್ನೇಕೆ ನಂಬುವುದಿಲ್ಲ ಎಂದು ಆಕೆ ವೈದ್ಯರನ್ನೇ ಕೇಳಿದರು. 1987ರಲ್ಲಿ ಇಬ್ಬರೂ ಡಚ್ ಟಿವಿಯಲ್ಲಿ ಕಾಣಿಸಿಕೊಂಡಾಗ ನೂರಾರು ಜನ ಫೋನ್ ಮಾಡಿ ತಮಗೂ ದನಿ ಕೇಳುತ್ತದೆ ಎಂದರು. ಎಷ್ಟೋ ಜನ ಅದರ ಜೊತೆ ಹೊಂದಿಕೊಂಡೇ ಬದುಕಿದ್ದವರು. ದನಿ ಕೇಳುವವರೇ ಕಟ್ಟಿಕೊಂಡ ಗುಂಪುಗಳು ಶುರುವಾದದ್ದು ಅಲ್ಲಿಂದ.

ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ತಂಡದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈಯಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದ್ದರು. ಅಮೆರಿಕದವರಿಗೆ ಹೆಚ್ಚಾಗಿ ಗುರುತಿಲ್ಲದವರ, ಹಿಂಸೆಯ ಮಾತು. ಅಕ್ರಾದಲ್ಲಿ ಅನೇಕರಿಗೆ ದೇವರು. ಚೆನ್ನೈಯ ಅರ್ಧಕ್ಕಿಂತ ಹೆಚ್ಚು ಜನರಿಗೆ ಮನೆಯವರು: ಅಡುಗೆ ಮಾಡು, ಸ್ನಾನ ಮಾಡು ಎಂದು ಹಿರಿಯರು ಕಿರಿಯರಿಗೆ ಹೇಳುವ ಹಾಗೆ. ಕಾಯಿಲೆ ಒಂದೇ ಆದರೂ ಒಳಗೆ ಮಾತಾಡುವವರು ಯಾರು ಎಂಬುದನ್ನು ಊರು ತೀರ್ಮಾನಿಸುತ್ತದೆ. ನಿಮಗೆ ಅಜ್ಜಿ ಬಂದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಹಾಗಂತ ಮನೆಯವರ ದನಿಯೆಲ್ಲ ಸಿಹಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನನ್ನ ಚಿಕ್ಕಪ್ಪ ದಿನವಿಡೀ ಕಾಡುತ್ತಾರೆ.

—ಹೆಸರು ಬೇಡ, ಮೈಸೂರು

*

ನಾನು ಹೋಗುತ್ತಿದ್ದುದು ಎರಡು ಕುರ್ಚಿಗಳ ಚಿಕಿತ್ಸೆಗೆ. ಮನೋಚಿಕಿತ್ಸಕ ಫ್ರಿಟ್ಸ್ ಪರ್ಲ್ಸ್ ಹೆಸರುವಾಸಿ ಮಾಡಿದ್ದು, ಇಲ್ಲಿ ಕೆನಡಾದಲ್ಲಿ ಮನಶ್ಶಾಸ್ತ್ರಜ್ಞ ಲೆಸ್ಲಿ ಗ್ರೀನ್‌ಬರ್ಗ್ ಬೆಳೆಸಿದ್ದು. ಒಂದು ಕುರ್ಚಿಯಲ್ಲಿ ಕೂತು ನನ್ನನ್ನು ನಾನೇ ಹಳಿದುಕೊಳ್ಳಬೇಕು, ಇನ್ನೊಂದಕ್ಕೆ ಹೋಗಿ ಉತ್ತರ ಕೊಡಬೇಕು. ನನಗೆ ಬಂದದ್ದು ಅಪ್ಪ. ಉತ್ತರ ಕೊಡಿ ಎಂದಾಗ ಖಾಲಿ ಕುರ್ಚಿಯ ಮುಂದೆ ನಾನು ಎದ್ದು ನಿಂತುಬಿಟ್ಟೆ. ಅಪ್ಪನ ಎದುರು ಕಾಲಮೇಲೆ ಕಾಲು ಹಾಕಿ ‘ಹಾಗನ್ನಲು ನಿಮಗೆ ಹಕ್ಕಿಲ್ಲ’ ಅನ್ನುವುದು ಇಂಗ್ಲಿಷಿನಲ್ಲೂ ಸಾಧ್ಯವಾಗಲಿಲ್ಲ.

ಎರಡು ಬದಲಾವಣೆ ಕೇಳಿಕೊಂಡೆ, ನೀವೂ ಕೇಳಿ. ಕುರ್ಚಿಯಲ್ಲಿ ಕನ್ನಡದಲ್ಲೇ ಮಾತಾಡುವುದು. ಥೆರಪಿಸ್ಟ್‌ಗೆ ಮಾತು ಅರ್ಥವಾಗದಿದ್ದರೂ ಮುಖ, ದನಿ ಅರ್ಥವಾಗುತ್ತವೆ, ಆಮೇಲೆ ವಿವರಿಸಬಹುದು. ಇನ್ನೊಂದು, ಮೂರನೆಯ ಕುರ್ಚಿ. ನಮ್ಮ ಮನೆಯಲ್ಲಿ ಅಪ್ಪನಿಗೆ ಎದುರು ಹೇಳಬಲ್ಲವರು ಒಬ್ಬರೇ, ಅವರ ಅಕ್ಕ, ನಮ್ಮ ದೊಡ್ಡ ಸೋದರತ್ತೆ. ಆ ಕುರ್ಚಿಯಲ್ಲಿ ಕೂತು ‘ಏ, ಹುಡುಗನ್ನ ಎಷ್ಟು ಬೈತೀಯೋ, ಸುಮ್ನಿರು’ ಅಂದೆ. ಅಪ್ಪ ಸುಮ್ಮನಾದರು. ನಿಮ್ಮ ಅತ್ತೆಗೆ ಹೇಳಬಲ್ಲವರು ಆ ಗುಂಪಿನಲ್ಲೇ ಇರಬಹುದು. ಅಜ್ಜಿ ಹೇಗೆ?

—ಸಾಫ್ಟ್‌ವೇರ್ ಎಂಜಿನಿಯರ್, ಟೊರಾಂಟೊ

*

ನನಗೆ ಸೈಕಾಲಜಿ ಗೊತ್ತಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಅಜ್ಜಿ ತೀರಿಹೋದವರು, ಅತ್ತೆ ಬದುಕಿರುವವರು. ಅವರು ತಲೆಯೊಳಗಿಂದ ಮಾತಾಡುತ್ತಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಿದ್ದಾರೆ. ಫೋನ್ ಬಂದ ದಿನ ಅಳು ಜಾಸ್ತಿ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಕಣ್ಣು ಮುಚ್ಚಿ ಕೂರುವುದು ಯಾಕೆ? ಕೆಲಸ ಬಿಟ್ಟದ್ದು ನಿಮ್ಮಿಷ್ಟದಿಂದಲೋ ಅಲ್ಲವೋ ಎಂಬುದನ್ನೂ ಒಂದೇ ಸಾಲಿನಲ್ಲಿ ಹಾರಿಸಿದ್ದೀರಿ. ಥೆರಪಿಗೆ ಹೋಗಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿ. ಮುಂದಿನ ಸಲ ಫೋನ್ ಬಂದಾಗ ನಿಮ್ಮ ಯಜಮಾನರ ಕೈಗೆ ಕೊಡಿ. ಅವರ ಅಮ್ಮ, ಅವರೇ ಮಾತಾಡಲಿ.

—ಗೃಹಿಣಿ, ಶಿವಮೊಗ್ಗ